ಎರಡನೇ ಪಂಕ್ತಿಯ ಊಟ: ಚಿರಿಕೋವ್ ತಗ್ಗಿನ ಪ್ರಕರಣ

ಸತ್ತ ತಿಮಿಂಗಿಲ ದಡಕ್ಕೆ ಬಿದ್ದರೆ ನಮ್ಮ ಕಡೆ ಜನ ಕೇಳುವ ಪ್ರಶ್ನೆ ಎರಡೇ. ಹಡಗು ಬಡಿಯಿತಾ? ಬಲೆಗೆ ಸಿಕ್ಕಿತ್ತಾ? ಹಸಿವಿನಿಂದ ಸತ್ತಿತಾ ಅಂತ ಯಾರೂ ಕೇಳುವುದಿಲ್ಲ. ಅಷ್ಟು ದೊಡ್ಡ ಸಮುದ್ರದಲ್ಲಿ ಅಷ್ಟು ದೊಡ್ಡ ಪ್ರಾಣಿಗೆ ಊಟ ಸಿಗಲಿಲ್ಲ ಅಂದರೆ ನಂಬುವುದು ಕಷ್ಟ, ಅಲ್ವಾ?

2018ರ ಡಿಸೆಂಬರಿನಿಂದ 2023ರ ನವೆಂಬರಿನವರೆಗೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಮೆಕ್ಸಿಕೋದಿಂದ ಅಲಾಸ್ಕಾವರೆಗೆ, 690 ಬೂದು ತಿಮಿಂಗಿಲಗಳು ಸತ್ತು ದಡಕ್ಕೆ ಬಿದ್ದವು. ಎಷ್ಟೋ ತಿಮಿಂಗಿಲಗಳ ಮೈ ಸೊರಗಿ ಹೋಗಿತ್ತು. ದಡಕ್ಕೆ ಬಿದ್ದದ್ದು ಕಣ್ಣಿಗೆ ಕಂಡ ಲೆಕ್ಕ ಮಾತ್ರ. ಸಮುದ್ರದಲ್ಲೇ ಮುಳುಗಿದ್ದು ಇನ್ನೂ ಎಷ್ಟೋ ಪಾಲು ಜಾಸ್ತಿ. 2016ರಲ್ಲಿ ಸುಮಾರು 27,000 ಇದ್ದ ಈ ತಿಮಿಂಗಿಲಗಳು 2023ರ ಹೊತ್ತಿಗೆ 14,500ರ ಆಸುಪಾಸಿಗೆ ಇಳಿದಿದ್ದವು.

ನಾನು ಕಾರವಾರದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಕೊನೇ ವರ್ಷದ ಮಕ್ಕಳಿಗೆ ಪ್ರತಿ ಸಲ ಇದೇ ಪ್ರಕರಣ ಕೊಡುತ್ತೇನೆ. ತಿಮಿಂಗಿಲ ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ, ಅದು ಒಂದು ಕಾರಣ. ಇನ್ನೊಂದು ಕಾರಣ, ಇಲ್ಲಿ ಹೆಣ ಬಿದ್ದ ಜಾಗ ಬೇರೆ, ಎಡವಟ್ಟು ಆದ ಜಾಗ ಬೇರೆ. ಹೆಣ ಬಿದ್ದದ್ದು ಕ್ಯಾಲಿಫೋರ್ನಿಯಾದಂಥ ಕಡೆ. ಎಡವಟ್ಟು ಆದದ್ದು ಅಲ್ಲಿಂದ ಸಾವಿರಾರು ಕಿಲೋಮೀಟರ್ ಉತ್ತರಕ್ಕೆ, ನಲವತ್ತು ಮೀಟರ್ ನೀರಿನ ಕೆಳಗಿರುವ ಮಣ್ಣಿನಲ್ಲಿ. ಆ ಮಣ್ಣಿನ ಹಣೆಬರಹ ಬರೆಯುವುದು ಅದರ ಮೇಲಿನ ನೀರು.

ಜಾಗ ಮತ್ತು ಅಲ್ಲಿನ ವಾಸಿಗಳು

ರಷ್ಯಾ ಮತ್ತು ಅಲಾಸ್ಕಾದ ನಡುವೆ ಬೇರಿಂಗ್ ಜಲಸಂಧಿ ಇದೆ. ಅದರ ದಕ್ಷಿಣಕ್ಕೆ ಸೇಂಟ್ ಲಾರೆನ್ಸ್ ಎಂಬ ದ್ವೀಪ. ಈ ಎರಡರ ನಡುವಿನ ಸಮುದ್ರಕ್ಕೆ ಚಿರಿಕೋವ್ ತಗ್ಗು ಅನ್ನುತ್ತಾರೆ. ತಗ್ಗು ಅಂದರೂ ಆಳ ಮೂವತ್ತರಿಂದ ಐವತ್ತು ಮೀಟರ್ ಅಷ್ಟೇ. ನಮ್ಮ ಟ್ರಾಲರ್‌ಗಳು ಬಲೆ ಎಳೆಯುವ ಆಳ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟುತ್ತದೆ.

ಅಲ್ಲಿ ಎರಡು ನೀರು ಪಕ್ಕಪಕ್ಕದಲ್ಲಿ ಹರಿಯುತ್ತವೆ. ಮಳೆಗಾಲದಲ್ಲಿ ಕಾಳಿ ಸೇತುವೆ ಮೇಲೆ ನಿಂತರೆ ಹೊಳೆಯ ಕೆಂಪು ನೀರಿಗೂ ಸಮುದ್ರದ ನೀರಿಗೂ ಮಧ್ಯೆ ಗೆರೆ ಎಳೆದ ಹಾಗೆ ಕಾಣುತ್ತದಲ್ಲ, ಅಂಥದ್ದೇ, ಆದರೆ ಬಹಳ ದೊಡ್ಡದು. ಪಶ್ಚಿಮದ ಕಡೆ ಅನಾದಿರ್ ನೀರು. ಇದು ಆಳದಿಂದ ಎದ್ದು ಬಂದದ್ದು. ತಣ್ಣಗಿರುತ್ತದೆ, ಉಪ್ಪು ಜಾಸ್ತಿ, ಗೊಬ್ಬರದ ಸತ್ವ ತುಂಬಿದೆ. ಪೂರ್ವದ ಕಡೆ ಅಲಾಸ್ಕಾ ದಡದ ನೀರು. ಹೊಳೆಗಳ ನೀರು ಸೇರಿ ಸ್ವಲ್ಪ ಬೆಚ್ಚಗೆ, ಸಪ್ಪೆ, ಸತ್ವ ಕಮ್ಮಿ. ಮೇಲಿನ ಈ ಗೆರೆಯ ನೆರಳು ತಳದಲ್ಲೂ ಬೀಳುತ್ತದೆ. ಅನಾದಿರ್ ನೀರಿನ ಕೆಳಗಿನ ತಳದಲ್ಲಿ ಜೀವ ಗಿಜಿಗಿಜಿ. ಗೆರೆ ದಾಟಿ ಪೂರ್ವಕ್ಕೆ ಹೋದರೆ ತಳ ಬಡಕಲು. ಆಳ ಹೆಚ್ಚುಕಮ್ಮಿ ಅದೇ.

ಆ ತಳದ ಮುಖ್ಯ ವಾಸಿ ಆಂಪೆಲಿಸ್ಕಾ ಎಂಬ ಆಂಫಿಪಾಡ್. ಕಡಲ ದಂಡೆಯಲ್ಲಿ ಒಣಗಿದ ಕಸದ ರಾಶಿ ಎತ್ತಿದರೆ ಪುಟಪುಟ ಹಾರುವ ಹುಳ ನೋಡಿರುತ್ತೀರಿ. ಅದರ ದೂರದ ನೆಂಟ ಇದು. ದೊಡ್ಡದಾದರೆ ಎರಡೂವರೆ-ಮೂರು ಸೆಂಟಿಮೀಟರ್. ಅಕ್ಕಪಕ್ಕ ಒತ್ತಿದ ಹಾಗೆ ಚಪ್ಪಟೆ ಮೈ. ನಯವಾದ ಮರಳನ್ನು ತನ್ನ ಲೋಳೆಯಲ್ಲಿ ಅಂಟಿಸಿ ಚೀಲದಂಥ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತದೆ. ಹೊರಗೆ ಕಾಣುವುದು ಮೀಸೆ ಮಾತ್ರ. ಮೇಲಿನಿಂದ ಬೀಳುವ ಪಾಚಿಯ ಚೂರನ್ನು ಆ ಮೀಸೆಯಿಂದ ಬಾಚಿ ಒಳಗೆಳೆದುಕೊಳ್ಳುತ್ತದೆ. ಸಾವಿರಾರು ಗೂಡು ಒತ್ತೊತ್ತಾಗಿ ಸೇರಿದಾಗ ತಳಕ್ಕೆ ಚಾಪೆ ಹಾಸಿದ ಹಾಗೆ. ಬೆಳೆಯುವುದು ನಿಧಾನ, ಬದುಕುವುದು ಹಲವಾರು ವರ್ಷ, ಮರಿ ಹಾಕುವುದು ಕಡಿಮೆ. ಈ ನಿಧಾನ ಸ್ವಭಾವ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಡಿ.

ಬೂದು ತಿಮಿಂಗಿಲ ಈ ಚಾಪೆಯ ಮೇಲೆ ಬದುಕುತ್ತದೆ. ಬೇರೆ ತಿಮಿಂಗಿಲಗಳ ಹಾಗೆ ಬಾಯಿ ತೆರೆದು ನೀರಲ್ಲಿ ಓಡುವುದಿಲ್ಲ. ತಳಕ್ಕೆ ಮುಳುಗಿ ಪಕ್ಕಕ್ಕೆ ಮಗುಚಿಕೊಂಡು, ಮಣ್ಣು ಸಮೇತ ಹುಳಗಳನ್ನು ಹೀರಿ, ಬಾಯಲ್ಲಿರುವ ಜಾಲರಿಯಲ್ಲಿ ಸೋಸುತ್ತದೆ. ತಳದಲ್ಲಿ ಗುಂಡಿ ಉಳಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿ ಮೈ ತುಂಬಿಕೊಂಡು, ಚಳಿಗೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರಿಗೆ ಮರಿ ಹಾಕಲು ಹೋಗುತ್ತದೆ. ಹೋಗಿ ಬರುವ ದಾರಿ 16,000 ಕಿಲೋಮೀಟರಿಗೂ ಜಾಸ್ತಿ. ಆ ದಾರಿಯಲ್ಲಿ ಊಟ ಅಷ್ಟಕ್ಕಷ್ಟೇ. ಬೇಸಿಗೆಯ ಕೊಬ್ಬಿನಲ್ಲೇ ವರ್ಷ ತಳ್ಳಬೇಕು.

ಮೊದಲ ಪಂಕ್ತಿ ತಡವಾದ ದಿನ

ತಳದ ಪ್ರಾಣಿಗೆ ಸ್ವಂತ ಅಡುಗೆಮನೆ ಇಲ್ಲ. ಬೆಳಕು ಇರುವುದು ಮೇಲೆ, ಪಾಚಿ ಬೆಳೆಯುವುದು ಮೇಲೆ. ಮೇಲಿನವರು ತಿಂದು ಉಳಿದದ್ದು ಕೆಳಗೆ. ಹಾಗಾಗಿ ತಳದ ಹೊಟ್ಟೆ ತುಂಬಬೇಕಾದರೆ ಮೇಲೆ ಎಷ್ಟು ಬೆಳೆಯಿತು ಅನ್ನುವುದು ಅರ್ಧ ಮಾತು. ಮೇಲೆ ಯಾರು ಎಷ್ಟು ತಿಂದರು ಅನ್ನುವುದು ಉಳಿದರ್ಧ.

ಇದನ್ನು ಮಕ್ಕಳಿಗೆ ಹೇಳುವಾಗ ಶಿರಸಿ ಕಡೆಯ ಮದುವೆ ಊಟದ ಲೆಕ್ಕ ಹೇಳುತ್ತೇನೆ. ಅಡುಗೆ ಆಗಿದೆ, ಎಲೆ ಹಾಕಿದೆ. ಮೊದಲ ಪಂಕ್ತಿಗೆ ಕೂರಬೇಕಾದ ದಿಬ್ಬಣದವರ ಬಸ್ಸು ದೇವಿಮನೆ ಘಟ್ಟದಲ್ಲಿ ಕೆಟ್ಟು ನಿಂತಿದೆ. ಬಿಸಿ ಅನ್ನ ಆರುತ್ತಿದೆ. ಕೊನೆಗೆ ಯಜಮಾನರು 'ಊರವರೇ ಕೂತುಬಿಡಿ' ಅನ್ನುತ್ತಾರೆ. ಎರಡನೇ ಪಂಕ್ತಿಯವರಿಗೆ ಅವತ್ತು ಹಬ್ಬ.

ಬೇರಿಂಗ್ ಸಮುದ್ರದ ಉತ್ತರ ಭಾಗದಲ್ಲಿ ಹಳೆಯ ಕಾಲದಲ್ಲಿ ಪ್ರತಿ ವಸಂತವೂ ಇದೇ ಆಗುತ್ತಿತ್ತು. ಚಳಿಗಾಲದ ಕೊನೆಗೆ ಮಂಜುಗಡ್ಡೆಯ ಅಡಿಭಾಗಕ್ಕೆ ಪಾಚಿ ಹತ್ತುತ್ತದೆ, ಕಂದು ಬಣ್ಣದ ಪದರ. ಮೇ ತಿಂಗಳ ಸುಮಾರಿಗೆ ಮಂಜು ಕರಗಿದಾಗ ಸಪ್ಪೆ ನೀರು ಮೇಲೆ ತೆಳುವಾಗಿ ನಿಲ್ಲುತ್ತದೆ, ಬಿಸಿಲು ಬೀಳುತ್ತದೆ, ಪಾಚಿ ಒಮ್ಮೆಲೇ ಉಕ್ಕುತ್ತದೆ. ಆದರೆ ನೀರು ಇನ್ನೂ ಸೊನ್ನೆ ಡಿಗ್ರಿಗಿಂತ ಕೆಳಗೆ. ಪಾಚಿ ಮೇಯುವ ಕೋಪಿಪಾಡ್‌ಗಳಂಥ ಸಣ್ಣ ತೇಲುಜೀವಿಗಳು ಆ ಚಳಿಯಲ್ಲಿ ಬೆಳೆಯುವುದೂ ನಿಧಾನ, ಮರಿ ಮಾಡುವುದೂ ನಿಧಾನ. ದಿಬ್ಬಣದ ಬಸ್ಸು ಘಟ್ಟದಲ್ಲೇ. ತಿನ್ನುವವರಿಲ್ಲದ ಪಾಚಿ ಹಸಿರು ಹಸಿರಾಗಿಯೇ ಮುಳುಗುತ್ತದೆ. ಆಳ ನಲವತ್ತು ಮೀಟರ್ ಆದ್ದರಿಂದ ದಾರಿಯಲ್ಲಿ ಕೊಳೆಯುವಷ್ಟು ಹೊತ್ತೂ ಸಿಗುವುದಿಲ್ಲ. ತಳಕ್ಕೆ ತಾಜಾ ಊಟ.

ಈಗ ಮಂಜು ಮಾರ್ಚ್‌ನಲ್ಲೇ ಹೋಗಿಬಿಟ್ಟಿತು ಅಂದುಕೊಳ್ಳಿ. ಪಾಚಿ ಬೇಗ ಬರುತ್ತದೆ ಅನ್ನಿಸುತ್ತದೆ. ಉಲ್ಟಾ. ಮಾರ್ಚಿನ ಬಿಸಿಲು ಸಾಲದು, ಗಾಳಿ ನೀರನ್ನು ಕಲಕುತ್ತಲೇ ಇರುತ್ತದೆ. ಪಾಚಿ ಮೇಲೆ ನಿಲ್ಲುವುದೇ ಇಲ್ಲ. ಬಿಸಿಲಿಗೆ ಮೇಲ್ನೀರು ಕಾದು ನಿಂತ ಮೇಲೆ, ಮೇ ಕೊನೆಗೋ ಜೂನಿಗೋ ಉಕ್ಕುತ್ತದೆ. ಅಷ್ಟರಲ್ಲಿ ನೀರು ಬೆಚ್ಚಗಾಗಿದೆ, ದಿಬ್ಬಣ ಬಂದು ಕೂತಿದೆ. ಅಡುಗೆ ಅಷ್ಟೇ ಆಗಿದ್ದರೂ ಎರಡನೇ ಪಂಕ್ತಿಗೆ ಪಾತ್ರೆ ತಳ ಕೆರೆಯುವ ಸದ್ದು ಮಾತ್ರ. ನನ್ನ ಮಕ್ಕಳು ಪ್ರತಿ ವರ್ಷ ಎಡವುವುದು ಇಲ್ಲೇ. 'ಮೇಡಂ, ಮಂಜು ಹೋದರೆ ಬಿಸಿಲು ಜಾಸ್ತಿ, ಪಾಚಿ ಜಾಸ್ತಿ, ತಳಕ್ಕೂ ಒಳ್ಳೆಯದೇ ಅಲ್ವಾ?' ಪಾಚಿ ಜಾಸ್ತಿ ಆಗಲೂಬಹುದು ಮಾರಾಯ. ತಳಕ್ಕೆ ತಲುಪಬೇಕಲ್ಲ!

ಮಂಜಿಗೆ ಇನ್ನೊಂದು ಕೆಲಸವೂ ಇದೆ. ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪು ಹೊರಗೆ ಬೀಳುತ್ತದೆ. ಅದು ಸೇರಿ ಭಾರವಾದ ತಣ್ಣೀರು ತಳಕ್ಕೆ ಇಳಿದು ಬೇಸಿಗೆಯಿಡೀ ಅಲ್ಲೇ ಕೂರುತ್ತದೆ. ಎರಡು ಡಿಗ್ರಿಗಿಂತ ತಣ್ಣಗಿರುವ ಈ ತಳದ ನೀರು ಬೇಲಿ ಇದ್ದ ಹಾಗೆ. ದಕ್ಷಿಣದ ಕಾಡ್, ಪೊಲಾಕ್ ಮೀನುಗಳು ಅದನ್ನು ದಾಟಿ ಬರಲು ಹಿಂಜರಿಯುತ್ತವೆ. 2017-18ರ ಚಳಿಗಾಲದಲ್ಲಿ ಬೇರಿಂಗ್ ಸಮುದ್ರದ ಮಂಜು ಉಪಗ್ರಹ ದಾಖಲೆ ಶುರುವಾದಾಗಿನಿಂದ ಅತಿ ಕಡಿಮೆ ಆಯಿತು. ಆ ಬೇಸಿಗೆ ಬೇಲಿ ಹೆಚ್ಚುಕಮ್ಮಿ ಮಾಯ. ಕಾಡ್ ಮತ್ತು ಪೊಲಾಕ್ ಹಿಂಡುಹಿಂಡಾಗಿ ಉತ್ತರಕ್ಕೆ ಬಂದವು. ಕಾಡ್ ತಳದ ಜೀವಿಗಳನ್ನು ತಿನ್ನುವ ಮೀನು. ಊಟ ಕಮ್ಮಿಯಾದ ಮನೆಗೆ ನೆಂಟರು ಬಂದ ಹಾಗಾಯಿತು.

ಕೆಸರನ್ನು ಎಣಿಸುವುದು

ತಳದಲ್ಲಿ ಏನಿದೆ ಅಂತ ತಿಳಿಯುವ ಉಪಾಯ ತುಂಬಾ ಸರಳ. ಗ್ರ್ಯಾಬ್ ಅಂತ ಒಂದು ಕಬ್ಬಿಣದ ಇಕ್ಕಳ, ಎರಡು ದವಡೆ. ಬಾಯಿ ತೆರೆದು ಇಳಿಸಬೇಕು. ತಳ ಮುಟ್ಟಿದಾಗ ಹಗ್ಗ ಸಡಿಲಾಗಿ ಕೊಕ್ಕೆ ಕಳಚುತ್ತದೆ. ಎಳೆದರೆ ದವಡೆ ಮುಚ್ಚಿ ಒಂದು ಚದರ ಮೀಟರಿನ ಹತ್ತನೇ ಒಂದು ಪಾಲು ಮಣ್ಣು ಬರುತ್ತದೆ. ಒಂದು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಎಣಿಸಬೇಕು.

ಹೇಳಲು ಸರಳ. ಮೀನುಗಾರಿಕೆ ನಿಷೇಧ ಮುಗಿದು ಅಲೆ ತಗ್ಗಿದ ಮೇಲೆ, ಸೆಪ್ಟೆಂಬರಿನಲ್ಲಿ, ಒಂದು ಸಲ ಮಕ್ಕಳನ್ನು ಬಾಡಿಗೆ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದೆ. ಮೊದಲ ಸಲ ಗ್ರ್ಯಾಬ್ ಖಾಲಿ ಬಂತು, ಕೊಕ್ಕೆ ನೀರಲ್ಲೇ ಕಳಚಿತ್ತು. ಎರಡನೇ ಸಲ ದವಡೆ ನಡುವೆ ಚಿಪ್ಪು ಸಿಕ್ಕಿಕೊಂಡು ಅರ್ಧ ಮಣ್ಣು ಸೋರಿಹೋಯಿತು. ಹಗ್ಗ ಎಳೆದು ಎಳೆದು ಹುಡುಗರ ಅಂಗೈ ಕೆಂಪಾಯಿತು. ದೋಣಿಯವರು 'ಈ ರಾಡಿ ತಗಂಡು ಏನ್ ಮಾಡ್ತ್ರಿ?' ಅಂತ ನಕ್ಕರು. ಮೂರನೇ ಸಲ ಸರಿಯಾಗಿ ಬಂತು. ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಜರಡಿಯಲ್ಲಿ ಉಳಿದದ್ದು ದಾರದಂಥ ನಾಲ್ಕೈದು ಹುಳ, ಖಾಲಿ ಚಿಪ್ಪು.

ಆ ವಾಸನೆ ಈ ಪ್ರಕರಣಕ್ಕೆ ಬೇಕಾದದ್ದೇ. ಆಮ್ಲಜನಕ ಇಲ್ಲದ ಕೆಸರಿನ ಗುರುತು ಅದು. ನಮ್ಮ ಸಮುದ್ರದಲ್ಲಿ ಮಳೆಗಾಲಕ್ಕೆ ಆಳದ ನೀರು ದಡದ ಕಡೆ ಮೇಲೇರಿ ಬರುತ್ತದೆ. ಸತ್ವ ತರುತ್ತದೆ, ಪಾಚಿ ಉಕ್ಕುತ್ತದೆ, ಬಂಗಡೆಗೆ ಸುಗ್ಗಿ. ಆದರೆ ಆ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಅದರ ಮೇಲೆ ಪಾಚಿ ಬಿದ್ದು ಕೊಳೆತರೆ ಉಳಿದದ್ದೂ ಖರ್ಚು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಭಾರತದ ಪಶ್ಚಿಮ ಕರಾವಳಿಯ ತಳದಲ್ಲಿ ಉಸಿರು ಕಟ್ಟುವ ನೀರು ಅಗಲವಾಗಿ ಹರಡಿರುತ್ತದೆ. ಊಟ ಇದೆ, ಉಸಿರಿಲ್ಲ. ಚಿರಿಕೋವ್‌ನಲ್ಲಿ ಹೀಗಾಗುವುದಿಲ್ಲ. ಸೊನ್ನೆ ಡಿಗ್ರಿಯ ನೀರು ನಮ್ಮ ಬೆಚ್ಚಗಿನ ನೀರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಆಮ್ಲಜನಕ ಹಿಡಿಯುತ್ತದೆ, ಕೊಳೆಯುವುದೂ ನಿಧಾನ. ಅಲ್ಲಿ ಮೇಲಿನಿಂದ ಬಿದ್ದದ್ದೆಲ್ಲ ನೇರ ಊಟದ ಲೆಕ್ಕಕ್ಕೇ ಸೇರುತ್ತದೆ. ಮೇಲಿನ ನೀರು ತಳವನ್ನು ರೂಪಿಸುತ್ತದೆ ಅನ್ನುವ ನಿಯಮ ಎರಡೂ ಕಡೆ ಒಂದೇ. ಫಲ ಮಾತ್ರ ಬೇರೆ.

1980ರ ದಶಕದಲ್ಲಿ ಚಿರಿಕೋವ್‌ನಲ್ಲಿ ಗ್ರ್ಯಾಬ್ ಇಳಿಸಿದವರಿಗೆ ಸಿಕ್ಕದ್ದು ಗೂಡಿನ ಚಾಪೆ. ಜಗತ್ತಿನಲ್ಲೇ ಅತಿ ಸಮೃದ್ಧ ತಳಗಳಲ್ಲಿ ಇದೂ ಒಂದು ಅಂತ ಬರೆದರು. ಆ ದಶಕ ಮುಗಿಯುವ ಹೊತ್ತಿಗೇ ಇಳಿಕೆ ಕಾಣಿಸಿತ್ತು. 2002ರಲ್ಲಿ ವಿಮಾನದಿಂದ ನೋಡಿದಾಗ ತಗ್ಗಿನ ಮೇಲೆ ತಿಮಿಂಗಿಲಗಳು ಮೊದಲಿಗಿಂತ ತೀರಾ ಕಡಿಮೆ. ಹೆಚ್ಚಿನವು ಜಲಸಂಧಿ ದಾಟಿ ಉತ್ತರದ ಚುಕ್ಚಿ ಸಮುದ್ರಕ್ಕೆ ಹೋಗಿದ್ದವು. 2006ರಲ್ಲಿ ಸಮುದ್ರ ವಿಜ್ಞಾನಿ ಜಾಕ್ವೆಲಿನ್ ಗ್ರೆಬ್‌ಮೈಯರ್ ಮತ್ತು ಜೊತೆಗಾರರು ಇಡೀ ಉತ್ತರ ಬೇರಿಂಗ್ ಸಮುದ್ರವೇ ಬದಲಾಗುತ್ತಿದೆ ಅಂತ ಬರೆದರು. ತಳಕ್ಕೆ ಬೀಳುವ ಊಟ ಕಡಿಮೆ, ತಳದ ಜೀವಿಗಳು ಕಡಿಮೆ, ನೀರಿನ ನಡುವಿನ ಮೀನು ಜಾಸ್ತಿ. ಸೇಂಟ್ ಲಾರೆನ್ಸ್ ದ್ವೀಪದ ದಕ್ಷಿಣದ ತಳದಲ್ಲೂ ಬಳಚು ಅನ್ನುವ ಚಿಪ್ಪುಜೀವಿಯಂಥ ದಪ್ಪ ಜಾತಿಗಳು ಹಿಂದೆ ಸರಿದು ಸಣ್ಣ ಜಾತಿಗಳು ಮುಂದೆ ಬಂದವು. ಅಲ್ಲಿ ವಾಲ್ರಸ್‌ಗಳೂ ಐಡರ್ ಎಂಬ ಬಾತುಗಳೂ ಮುಳುಗಿ ಚಿಪ್ಪು ಹೆಕ್ಕುತ್ತವೆ. ಸಣ್ಣ ಚಿಪ್ಪಿಗಾಗಿ ಅಷ್ಟೇ ಆಳ ಮುಳುಗಬೇಕು, ಸಿಗುವ ಮಾಂಸ ಮಾತ್ರ ಕಮ್ಮಿ. 2010ರಿಂದ ಹಲವು ದೇಶದವರು ಸೇರಿ, ಗುರುತು ಹಾಕಿದ ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಿ ಮಣ್ಣು ತೆಗೆಯುತ್ತಿದ್ದಾರೆ. ಸುಮ್ನೆ ಒಂದು ಸಲ ಹೋಗಿ ಬಂದರೆ ಈ ಕಥೆ ಹೊಳೆಯುತ್ತಲೇ ಇರಲಿಲ್ಲ.

ಆರೋಪಿಗಳು ಮೂವರು

ಇಲ್ಲಿಯವರೆಗೆ ಓದಿದರೆ ಮಂಜು ಕಡಿಮೆಯಾದದ್ದೇ ಕಾರಣ, ಪ್ರಕರಣ ಮುಗಿಯಿತು ಅನ್ನಿಸುತ್ತದೆ. ಅಷ್ಟು ಬೇಗ ಫೈಲು ಮುಚ್ಚುವ ಹಾಗಿಲ್ಲ.

ಎರಡನೇ ಆರೋಪಿ ಹರಿವು. ಬೇರಿಂಗ್ ಜಲಸಂಧಿಯಲ್ಲಿ ಉತ್ತರಕ್ಕೆ ಹರಿಯುವ ನೀರು 2001ರಲ್ಲಿ ಸೆಕೆಂಡಿಗೆ ಸುಮಾರು 7 ಲಕ್ಷ ಘನ ಮೀಟರ್ ಇತ್ತು. 2011ರ ಹೊತ್ತಿಗೆ ಸುಮಾರು 11 ಲಕ್ಷ. ಹರಿವು ಜೋರಾದರೆ ನಯವಾದ ಮಣ್ಣು ಕೂರುವುದಿಲ್ಲ, ದೊರಗು ಮರಳು ಉಳಿಯುತ್ತದೆ. ಚಿರಿಕೋವ್ ತಳದ ಮರಳು ದೊರಗಾಗಿದೆ ಅಂತ ಅಳತೆಗಳು ಹೇಳುತ್ತವೆ. ಆಂಪೆಲಿಸ್ಕಾಗೆ ಗೂಡು ಕಟ್ಟಲು ನಯ ಮರಳೇ ಬೇಕು. ದೊರಗು ಮರಳಲ್ಲಿ ಗಿಲಾಯಿ ಮಾಡಿ ಅಂದರೆ ಯಾವ ಗೌಂಡಿ ಒಪ್ಪುತ್ತಾನೆ? ಜೊತೆಗೆ ಬೀಳುವ ಪಾಚಿಯನ್ನೂ ಹರಿವು ಮುಂದಕ್ಕೆ ಹೊತ್ತೊಯ್ಯುತ್ತದೆ. ತಿಮಿಂಗಿಲಗಳು ಉತ್ತರಕ್ಕೆ ಸರಿದದ್ದು ಇದಕ್ಕೆ ಹೊಂದುತ್ತದೆ.

ಮೂರನೆಯವರು ತಿಮಿಂಗಿಲಗಳೇ. ಬೇಟೆಯಿಂದ ಅಳಿವಿನಂಚಿಗೆ ಹೋಗಿದ್ದವು ರಕ್ಷಣೆ ಸಿಕ್ಕ ಮೇಲೆ ಚೇತರಿಸಿಕೊಂಡು, 1994ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದಲೇ ಹೊರಬಂದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾಯಿ, ನಿಧಾನ ಬೆಳೆಯುವ ಹುಳ. ತಿಂದೇ ಖಾಲಿ ಮಾಡಿದವಾ ಅಂತ ಕೇಳುವುದು ತಪ್ಪಲ್ಲ, ಕೇಳಿದವರೂ ಇದ್ದಾರೆ.

2023ರಲ್ಲಿ ವಿಜ್ಞಾನಿ ಜೋಶುವಾ ಸ್ಟೀವರ್ಟ್ ಮತ್ತು ಸಂಗಡಿಗರು ದಶಕಗಳ ಲೆಕ್ಕ ಜೋಡಿಸಿ ನೋಡಿದರು. 1980ರ ದಶಕದಿಂದ ಈಚೆಗೆ ಮೂರು ಸಲ ದೊಡ್ಡ ಸಾವು ಆಗಿದೆ. ತಳದಲ್ಲಿ ಹುಳ ಎಷ್ಟಿತ್ತು, ಮಂಜು ಅಡ್ಡವಾಗದೆ ಮೇವಿನ ಜಾಗಕ್ಕೆ ಹೋಗಲು ಎಷ್ಟು ಆಯಿತು, ಈ ಎರಡರ ಜೊತೆ ಆ ಸಾವುಗಳು ತಾಳೆಯಾದವು. ಇಲ್ಲಿ ಒಂದು ತಮಾಷೆ ಇದೆ. ಮಂಜು ಕಡಿಮೆಯಾದರೆ ತಿಮಿಂಗಿಲಕ್ಕೆ ಮೇಯಲು ಹೆಚ್ಚು ದಿನ ಸಿಗುತ್ತದೆ, ಅದು ಲಾಭ. ಆದರೆ ಅದೇ ಮಂಜು ಹೋದದ್ದರಿಂದ ಮೇವೇ ಕಡಿಮೆ. ಬಾಗಿಲು ತೆರೆದಿದೆ, ಅಂಗಡಿ ಖಾಲಿ.

ನನ್ನ ತೀರ್ಪು ಕೇಳಿದರೆ, ಮೊದಲ ಇಬ್ಬರನ್ನು ಬೇರೆ ಬೇರೆ ಕಟಕಟೆಯಲ್ಲಿ ನಿಲ್ಲಿಸುವುದೇ ಸರಿಯಲ್ಲ. ಮಂಜೂ ಹರಿವೂ ಎರಡೂ ಮೇಲಿನ ನೀರಿನ, ಗಾಳಿಯ ಕಥೆ. ತಿಮಿಂಗಿಲಗಳು ಮೇಯ್ದದ್ದು ನಿಜ. ಆದರೆ ಊಟ ಬೀಳುತ್ತಲೇ ಇದ್ದಿದ್ದರೆ ಮೇಯ್ದ ಚಾಪೆ ಮತ್ತೆ ಹುಟ್ಟುತ್ತಿತ್ತು. ಅದಕ್ಕೇ ಅವಕ್ಕೆ ಸಣ್ಣ ಪಾಲು ಕೊಡುತ್ತೇನೆ. ತರಗತಿಯಲ್ಲಿ ಇದನ್ನು ಒಪ್ಪದವರೂ ಇರುತ್ತಾರೆ, ಇರಲಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಮಂಜು ಹೋದರೆ ಎಲ್ಲ ಕಡೆಯೂ ತಳಕ್ಕೆ ಹೊಟ್ಟೆಗಿಲ್ಲ ಅಂತ ಬರೆದುಕೊಂಡರೆ ಅಂಟಾರ್ಕ್ಟಿಕಾದಲ್ಲಿ ಫೇಲಾಗುತ್ತೀರಿ. ಅಲ್ಲಿ ಲಾರ್ಸೆನ್ ಎ ಎಂಬ ಹಿಮದ ಹಲಗೆ 1995ರಲ್ಲಿ ಒಡೆದು ಹೋಯಿತು. ನೂರಾರು ಮೀಟರ್ ದಪ್ಪದ ಚಾವಣಿ ಅದು. ಅದರ ಕೆಳಗೆ ಬೆಳಕೂ ಇಲ್ಲ, ಪಾಚಿಯೂ ಇಲ್ಲ. ಚಾವಣಿ ಹೋದ ಮೇಲೆ ನೀರಿಗೆ ಬಿಸಿಲು ಬಿತ್ತು. ಗಾಜಿನ ಸ್ಪಂಜುಗಳು ಬೆಳೆಯಲು ದಶಕಗಳೇ ಬೇಕು ಅಂತ ಎಲ್ಲರೂ ನಂಬಿದ್ದರು. 2007ರಲ್ಲಿ ನೋಡಿ 2011ರಲ್ಲಿ ಮತ್ತೆ ಹೋದಾಗ ಅವುಗಳ ಒಟ್ಟು ತೂಕ ಎರಡು ಪಟ್ಟು ಆಗಿತ್ತು. ಅಲ್ಲಿ ಮಂಜು ಅಡುಗೆಮನೆಯ ಬಾಗಿಲನ್ನೇ ಮುಚ್ಚಿತ್ತು. ಬೇರಿಂಗ್‌ನಲ್ಲಿ ಮಂಜೇ ಅಡುಗೆ ಭಟ್ಟ.

ಹೋದ ಬೇಸಿಗೆಯಲ್ಲಿ ಈ ಪ್ರಕರಣವನ್ನು ಅಘನಾಶಿನಿ ಅಳಿವೆಯಲ್ಲಿ ಬಳಚು ತೆಗೆಯುವ ಅಕ್ಕ ಒಬ್ಬರಿಗೆ ಹೇಳಿದೆ. ಇಳಿತಕ್ಕೆ ಕಾಯುತ್ತಾ ದಂಡೆ ಮೇಲೆ ಕೂತಿದ್ದರು. ಅವರಿಗೆ ದಿಬ್ಬಣದ ಉಪಮೆಯೆಲ್ಲ ಬೇಕಾಗಲಿಲ್ಲ.

'ಇಲ್ಲೂ ಹಾಂಗೇ ಅಲ್ದೆ ಅಕ್ಕೋರೇ? ಮಳೆನೀರು ಜಾಸ್ತಿ ಬಂದು ಉಪ್ಪು ಸತ್ತರೆ ಬಳಚೂ ಸಾಯ್ತದೆ. ನಾವೇನು ತಳ ನೋಡೂಕೆ ಹೋಗೂದಿಲ್ಲ. ನೀರು ನಾಲಿಗೆಗೆ ಹಚ್ಚಿದ್ರೆ ಗೊತ್ತಾಗ್ತದೆ.'

ಆಮೇಲೆ ಕೇಳಿದರು. 'ಮತ್ತೆ ಹೊಟ್ಟೆ ತುಂಬದ ಆ ತಿಮಿಂಗಿಲ ಎಲ್ಲಿಗೆ ಹೋಗ್ತದೆ?'

ಕೆಲವಕ್ಕೆ ಒಂದು ದಾರಿ ಸಿಕ್ಕಿದೆ ಅಂದೆ. ಅಮೆರಿಕದ ಸಿಯಾಟಲ್ ಪಟ್ಟಣದ ಉತ್ತರಕ್ಕೆ, ವಿಡ್ಬಿ ದ್ವೀಪದ ಸುತ್ತ ಇದೇ ಥರ ಕೆಸರು ಬಯಲುಗಳಿವೆ. ಬಿಲ ತೋಡಿ ಕೂರುವ ಶೆಟ್ಲಿ, ಅಂದರೆ ಸೀಗಡಿ, ಜಾತಿಯೊಂದು ಅಲ್ಲಿ ರಾಶಿ ಇದೆ. ಸಣ್ಣದೊಂದು ಗುಂಪಿನ ಬೂದು ತಿಮಿಂಗಿಲಗಳು ಉತ್ತರಕ್ಕೆ ಹೋಗುವ ದಾರಿ ಬಿಟ್ಟು ವಸಂತದಲ್ಲಿ ಅಲ್ಲಿಗೆ ಬರುತ್ತವೆ. ನೀರು ಏರಿದಾಗ, ಹೊಟ್ಟೆ ನೆಲಕ್ಕೆ ತಾಗುವಷ್ಟು ತೆಳ್ಳಗಿನ ನೀರಿಗೆ ನುಗ್ಗಿ ಮಣ್ಣು ಹೀರುತ್ತವೆ. ನೀರು ಇಳಿಯುವ ಮೊದಲು ಹೊರಟುಬಿಡಬೇಕು. ಇಳಿದ ಮೇಲೆ ದಂಡೆಯಿಂದ ನೋಡಿದರೆ ಬಯಲು ತುಂಬ ಗುಂಡಿ.

'ಎಷ್ಟು ದೊಡ್ಡ ಗುಂಡಿ?'

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅವರು ತಾವು ನಿನ್ನೆ ಅಗೆದು ಬಿಟ್ಟ ಗುಂಡಿಗಳ ಕಡೆ ನೋಡಿದರು. ನೀರು ಇಳಿದು ಅವು ಒಂದೊಂದಾಗಿ ಕಾಣತೊಡಗಿದ್ದವು. ಸೀರೆ ಎತ್ತಿ ಕಟ್ಟಿಕೊಂಡು, ಬುಟ್ಟಿ ಹಿಡಿದು ಇಳಿದರು.